ಪರ್ಫೆಕ್ಟ್ ಗೇಮ್ ಅಂದರೆ ಪಿಚರ್ ಒಬ್ಬನೇ 27 ಜನರನ್ನು ಔಟ್ ಮಾಡುವುದಾ?

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಅಪರೂಪದ ಸಾಧನೆ ಪರ್ಫೆಕ್ಟ್ ಗೇಮ್ ಅಂತಾರೆ. ಅದು ನಮ್ಮ ಕುಂಬ್ಳೆ ಹತ್ತು ವಿಕೆಟ್ ತೆಗೆದ ಹಾಗೇ ಅಲ್ವಾ?

ಉತ್ತರ: ಅಮೆರಿಕದಲ್ಲಿ ಮಕ್ಕಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದವರು ಕೇಳುತ್ತಾರೆ. ಅಲ್ಲೇ ನೆಲೆಸಿದವರೂ ಕೇಳುತ್ತಾರೆ. ಎಷ್ಟು ಸಲ ಉತ್ತರ ಕೊಟ್ಟೆನೋ ನೆನಪಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಲೆಕ್ಕ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಪಂದ್ಯಗಳು ನಡೆದಿವೆ. 1880ರಲ್ಲಿ ಮೊದಲ ಪರ್ಫೆಕ್ಟ್ ಗೇಮ್ ಆಯಿತು. 2023ರಲ್ಲಿ ಡೊಮಿಂಗೊ ಹೆರ್ಮಾನ್ ಎಂಬ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಎಸೆದದ್ದು 24ನೆಯದು. ಅಪರೂಪ ನಿಜ. ಆದರೆ ಅದಕ್ಕಿಂತ ಅಪರೂಪದ್ದೂ ಇದೆ, ಆಮೇಲೆ ಹೇಳುತ್ತೇನೆ. ಕುಂಬ್ಳೆ ಹೋಲಿಕೆಯನ್ನು ಮೊದಲು ನೋಡೋಣ. ಗೊಂದಲ ಹುಟ್ಟುವುದೇ ಅಲ್ಲಿಂದ.

ಒಂಬತ್ತು ಇನಿಂಗ್ಸ್, ಒಂದೊಂದರಲ್ಲಿ ಮೂರು ಔಟ್. 27 ಬ್ಯಾಟರ್‌ಗಳು ಬರುತ್ತಾರೆ, 27 ಜನರೂ ಬೇಸ್ (ಬ್ಯಾಟರ್ ಓಡಿ ತಲುಪಬೇಕಾದ ನೆಲೆ) ಮುಟ್ಟದೆ ವಾಪಸ್ ಹೋಗುತ್ತಾರೆ. ಪರ್ಫೆಕ್ಟ್ ಗೇಮ್ ಅಂದರೆ ಇಷ್ಟೇ. ಅವರು ಹೇಗೆ ಔಟಾದರು ಎಂದು ಯಾರೂ ಕೇಳುವುದಿಲ್ಲ. ಪಿಚರ್ ಸ್ಟ್ರೈಕ್‌ಔಟ್ ಮಾಡಿದರೂ (ಮೂರು ಸ್ಟ್ರೈಕ್ ಎಸೆದು ತಾನೇ ಔಟ್ ಮಾಡಿದರೂ) ಸರಿ, ಹೊಡೆದ ಚೆಂಡನ್ನು ಫೀಲ್ಡರ್ ಹಿಡಿದರೂ ಸರಿ.

ಈ 24 ಪಂದ್ಯಗಳಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್ ಎಷ್ಟು ಗೊತ್ತಾ? 14. 1965ರಲ್ಲಿ ಸ್ಯಾಂಡಿ ಕೋಫಾಕ್ಸ್, 2012ರಲ್ಲಿ ಮ್ಯಾಟ್ ಕೇನ್. ಅವರಿಗೂ ಉಳಿದ 13 ಔಟ್‌ಗಳಿಗೆ ಜೊತೆಗಾರರೇ ಬೇಕಾಯಿತು. 1956ರ ವರ್ಲ್ಡ್ ಸೀರೀಸ್‌ನಲ್ಲಿ (ಮೇಜರ್ ಲೀಗ್‌ನ ಫೈನಲ್ ಸರಣಿ) ಡಾನ್ ಲಾರ್ಸನ್ ಎಸೆದ ಪಂದ್ಯದಲ್ಲಿ ಸ್ಟ್ರೈಕ್‌ಔಟ್ ಬರೀ 7. ಎರಡನೇ ಇನಿಂಗ್ಸ್‌ನಲ್ಲಿ ಜಾಕಿ ರಾಬಿನ್ಸನ್ ಹೊಡೆದ ಚೆಂಡು ಒಬ್ಬ ಫೀಲ್ಡರ್‌ಗೆ ತಾಗಿ ಇನ್ನೊಬ್ಬನ ಕಡೆ ಹೋಯಿತು. ಅವನು ಅದನ್ನು ಹಿಡಿದು ಎಸೆದ, ರಾಬಿನ್ಸನ್ ಕೂದಲೆಳೆಯಲ್ಲಿ ಔಟಾದ. 2009ರಲ್ಲಿ ಮಾರ್ಕ್ ಬರ್ಲಿ ಎಸೆಯುತ್ತಿದ್ದಾಗ ಕೊನೆಯ ಇನಿಂಗ್ಸ್‌ನಲ್ಲಿ ಗೋಡೆ ದಾಟಿ ಹೋಮ್ ರನ್ ಆಗಬೇಕಿದ್ದ ಚೆಂಡು. ಆಗಷ್ಟೇ ಮೈದಾನಕ್ಕೆ ಬಂದಿದ್ದ ಡ್ವೇನ್ ವೈಸ್ ಗೋಡೆಯ ಹತ್ತಿರ ಹಾರಿ ಹಿಡಿದ. ಚೆಂಡು ಗ್ಲೌಸ್‌ನಿಂದ ಜಾರಿತು. ಕೆಳಗೆ ಬೀಳುವಷ್ಟರಲ್ಲಿ ಬರಿಗೈಯಲ್ಲಿ ಹಿಡಿದುಕೊಂಡ. ಆ ಕೈ ತಪ್ಪಿದ್ದರೆ ಬರ್ಲಿಯ ಹೆಸರು ಈ ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಈಗ ಕುಂಬ್ಳೆಯನ್ನು ನೆನಪಿಸಿಕೊಳ್ಳಿ. 1999ರ ಫೆಬ್ರವರಿ 7, ದೆಹಲಿ, ಪಾಕಿಸ್ತಾನದ ಎದುರು 74 ರನ್‌ಗೆ ಹತ್ತು ವಿಕೆಟ್. ಒಂಬತ್ತು ಆದ ಮೇಲೆ ನಮ್ಮ ಶ್ರೀನಾಥ್ ಏನು ಮಾಡಿದರು? ತನಗೆ ವಿಕೆಟ್ ಬೀಳಬಾರದು ಅಂತ ಚೆಂಡನ್ನು ಬೇಕೆಂದೇ ದೂರ ದೂರ ಹಾಕಿದರು. ಅಲ್ಲಿ ಮಿಕ್ಕ ಬೌಲರ್‌ಗಳ ಕೈಗೆ ವಿಕೆಟ್ ಸಿಗಬಾರದು. ಪರ್ಫೆಕ್ಟ್ ಗೇಮ್‌ನಲ್ಲಿ ಪೂರ್ತಿ ತಿರುಗುಮುರುಗು. ಮಿಕ್ಕ ಎಂಟು ಜನರಲ್ಲಿ ಒಬ್ಬನ ಕೈಯೂ ಜಾರಬಾರದು. ಎರಡೂ ದೊಡ್ಡದೇ, ಆದರೆ ಎರಡೂ ಒಂದೇ ಅಲ್ಲ.

ಇನ್ನೂ ಅನುಮಾನ ಇದ್ದರೆ ಕ್ಲೇಟನ್ ಕರ್ಷಾ ಪಂದ್ಯ ನೋಡಿ. 2014ರಲ್ಲಿ 15 ಸ್ಟ್ರೈಕ್‌ಔಟ್, ಅಂದರೆ ಕೋಫಾಕ್ಸ್‌ಗಿಂತ ಒಂದು ಜಾಸ್ತಿ. ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಕೊಡಲಿಲ್ಲ, ಒಂದು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಕೊಡಲಿಲ್ಲ. ಏಳನೇ ಇನಿಂಗ್ಸ್‌ನಲ್ಲಿ ಜೊತೆಗಾರನೊಬ್ಬ ತಪ್ಪು ಎಸೆದ, ಒಬ್ಬ ಬ್ಯಾಟರ್ ಬೇಸ್ ಮುಟ್ಟಿದ. ಪರ್ಫೆಕ್ಟ್ ಗೇಮ್ ಹೋಯಿತು. ಇನ್ನೂ ದೊಡ್ಡ ಸಾಕ್ಷಿ ಬೇಕಾ? 1952ರಲ್ಲಿ ಕೆಳಗಿನ ಲೀಗ್‌ನ ಬ್ರಿಸ್ಟಲ್ ತಂಡದ ರಾನ್ ನೆಚಾಯ್ ಒಂಬತ್ತು ಇನಿಂಗ್ಸ್‌ನಲ್ಲಿ ನಿಜವಾಗಿಯೂ 27 ಸ್ಟ್ರೈಕ್‌ಔಟ್ ಮಾಡಿದ. ನೀವು ಊಹಿಸಿಕೊಂಡದ್ದನ್ನೇ ಮಾಡಿದ! ಆದರೂ ಅದು ಪರ್ಫೆಕ್ಟ್ ಗೇಮ್ ಅಲ್ಲ. ವಾಕ್ ಅಂತ ಒಬ್ಬ, ಚೆಂಡು ಮೈಗೆ ತಾಗಿ ಒಬ್ಬ, ಹೀಗೆ ಕೆಲವರು ಬೇಸ್ ಮುಟ್ಟಿದ್ದರು. ಇದನ್ನು ಓದಿದ ಮೇಲಾದರೂ 27 ಸ್ಟ್ರೈಕ್‌ಔಟ್ ಮಾತು ಬಿಟ್ಟುಬಿಡಿ, ದಯವಿಟ್ಟು.

ಪರ್ಫೆಕ್ಟ್ ಗೇಮ್‌ಗಿಂತ ಅಪರೂಪದ್ದು ಒಬ್ಬನೇ ಮಾಡುವ ಟ್ರಿಪಲ್ ಪ್ಲೇ. ಆಗಿರುವುದು ಬರೀ 15 ಸಲ. ಒಂದನೇ, ಎರಡನೇ ಬೇಸ್‌ಗಳಲ್ಲಿದ್ದ ಇಬ್ಬರೂ ಓಡಲು ಶುರು ಮಾಡಿರುತ್ತಾರೆ. ಬ್ಯಾಟರ್ ನೇರವಾಗಿ ಹೊಡೆದ ಚೆಂಡನ್ನು ಫೀಲ್ಡರ್ ಗಾಳಿಯಲ್ಲೇ ಹಿಡಿಯುತ್ತಾನೆ, ಎರಡನೇ ಬೇಸ್ ತುಳಿಯುತ್ತಾನೆ, ಎದುರಿಗೆ ಓಡಿಬಂದವನನ್ನು ಮುಟ್ಟುತ್ತಾನೆ. ಕೆಲವೇ ಸೆಕೆಂಡ್‌ಗಳಲ್ಲಿ ಮೂರು ಔಟ್. 2009ರಲ್ಲಿ ಎರಿಕ್ ಬ್ರಂಟ್ಲೆಟ್ ಹೀಗೆ ಮಾಡಿದಾಗ ಪಂದ್ಯವೇ ಮುಗಿದುಹೋಯಿತು. ಅಪರೂಪ ಸರಿ, ಕಷ್ಟವಾ? ನನ್ನನ್ನು ಕೇಳಿದರೆ ಇದರಲ್ಲಿ ಅದೃಷ್ಟದ ಪಾಲೇ ಜಾಸ್ತಿ. 1927ರಲ್ಲಿ ಮೇ 30ಕ್ಕೊಂದು, ಮೇ 31ಕ್ಕೊಂದು ಆಯಿತು. ಮುಂದಿನದಕ್ಕೆ 1968ರವರೆಗೆ ಕಾಯಬೇಕಾಯಿತು. ಕಷ್ಟ ಅಂದರೆ 1941ರಲ್ಲಿ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದದ್ದು. ಎರಡು ತಿಂಗಳ ಕಾಲ ಬರೀ ಅದೃಷ್ಟ ಯಾರ ಕೈಯನ್ನೂ ಹಿಡಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಡಬೇಕು ಅನಿಸುತ್ತಿದೆ. ಇಷ್ಟು ಚೆನ್ನಾಗಿ ಎಸೆದೂ ಸೋಲಬಹುದಾ? ಸೋಲಬಹುದು. 1959ರ ಮೇ 26, ಮಿಲ್ವಾಕಿ. ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್ ಒಂಬತ್ತಲ್ಲ, ಹನ್ನೆರಡು ಇನಿಂಗ್ಸ್ ಎಸೆದ. 36 ಜನ ಬಂದರು, 36 ಜನ ಹೋದರು. ಆದರೆ ಅವನ ತಂಡವೂ ಒಂದು ರನ್ ಮಾಡಿರಲಿಲ್ಲ. ಎದುರಿನ ಪಿಚರ್ ಲ್ಯೂ ಬರ್ಡೆಟ್ 12 ಹಿಟ್ ಕೊಟ್ಟರೂ ರನ್ ಬಿಟ್ಟಿರಲಿಲ್ಲ. ಹದಿಮೂರನೇ ಇನಿಂಗ್ಸ್‌ನಲ್ಲಿ ಹ್ಯಾಡಿಕ್ಸ್‌ನ ಜೊತೆಗಾರನೊಬ್ಬ ಚೆಂಡನ್ನು ತಪ್ಪಾಗಿ ಎಸೆದ. ಮೊದಲ ಬಾರಿಗೆ ಒಬ್ಬ ಬೇಸ್ ಮುಟ್ಟಿದ. ಸ್ವಲ್ಪ ಹೊತ್ತಿಗೆ ಒಂದು ಹಿಟ್ ಬಿತ್ತು, 1–0, ಪಂದ್ಯ ಮುಗಿಯಿತು. 1991ರಲ್ಲಿ ಲೀಗ್ ನಿಯಮವನ್ನು ಬಿಗಿ ಮಾಡಿ, ಪಂದ್ಯ ಮುಗಿಯುವವರೆಗೂ ಯಾರೂ ಬೇಸ್ ಮುಟ್ಟಬಾರದು ಅಂದಾಗ ಹ್ಯಾಡಿಕ್ಸ್‌ನ ಆ ರಾತ್ರಿ ಪಟ್ಟಿಯಿಂದ ಹೊರಬಿತ್ತು. ಅದಕ್ಕೇ ಸಂಖ್ಯೆ 24ರಲ್ಲಿದೆ.