ಯೂನಿಯನ್ ಇದೆ ಸರಿ, ಅದು ಯಾರದ್ದು?

1834ರಲ್ಲಿ ಇಂಗ್ಲೆಂಡಿನ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಕೃಷಿ ಕೂಲಿಕಾರರನ್ನು ಕೋರ್ಟಿಗೆ ಎಳೆದರು. ವಾರಕ್ಕೆ ಏಳು ಶಿಲಿಂಗ್ ಇದ್ದ ಕೂಲಿ ಆರಕ್ಕೆ ಇಳಿಯುವುದರಲ್ಲಿತ್ತು. ಜಾರ್ಜ್ ಲವ್‌ಲೆಸ್ ಎಂಬಾತ ಮುಂದೆ ನಿಂತು ಸಂಘ ಕಟ್ಟಿಸಿದ್ದ. ಸೇರಲು ಬಂದವರ ಕಣ್ಣಿಗೆ ಬಟ್ಟೆ ಕಟ್ಟುವುದು, ಬಿಚ್ಚಿದಾಗ ಅಸ್ಥಿಪಂಜರದ ಚಿತ್ರವೊಂದನ್ನು ಎದುರಿಗಿಟ್ಟು, ಗುಟ್ಟು ಬಿಡುವುದಿಲ್ಲವೆಂದು ಆಣೆ ಮಾಡಿಸುವುದು ಅಲ್ಲಿನ ಪದ್ಧತಿ.

ವಿಚಿತ್ರವೆಂದರೆ ಆ ಹೊತ್ತಿಗೆ ಸಂಘ ಕಟ್ಟುವುದು ಅಪರಾಧವೇ ಅಲ್ಲ. 1799 ಮತ್ತು 1800ರ ನಿಷೇಧ ಕಾಯ್ದೆಗಳು 1824ರಲ್ಲೇ ರದ್ದಾಗಿದ್ದವು. ಹಾಗಾಗಿ ಸರ್ಕಾರ ಆಣೆಯನ್ನು ಹಿಡಿದುಕೊಂಡಿತು. ನೌಕಾಪಡೆಯಲ್ಲಿ ದಂಗೆ ಎದ್ದಾಗ, 1797ರಲ್ಲಿ, ತಂದಿದ್ದ ಅಕ್ರಮ ಪ್ರಮಾಣಗಳ ಕಾಯ್ದೆಯ ಧೂಳು ಕೊಡವಿ ಆರೂ ಜನರನ್ನು ಏಳು ವರ್ಷಕ್ಕೆ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿಸಿತು. ಜನ ಬೀದಿಗಿಳಿದ ಮೇಲೆ, 1836ರಲ್ಲಿ, ಕ್ಷಮಾದಾನ ಸಿಕ್ಕಿತು.

ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ವರಸೆ ಆಮೇಲೂ ನಡೆಯಿತು. ಬ್ರಿಟನ್ನಿನಲ್ಲಿ 1871ರಲ್ಲಿ ಸಂಘಗಳಿಗೆ ಪೂರ್ಣ ಮಾನ್ಯತೆ ಬಂತು. ಆದರೆ ಟ್ಯಾಫ್ ವೇಲ್ ರೈಲ್ವೆ ಮುಷ್ಕರದಿಂದ ಕಂಪನಿಗಾದ ನಷ್ಟವನ್ನು ಸಂಘವೇ ತುಂಬಿಕೊಡಬೇಕೆಂಬ ನಿಲುವಿಗೆ 1901ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಬಂತು. ಸಂಘ ತೆತ್ತ ಪರಿಹಾರವೇ 23,000 ಪೌಂಡ್. ಕಾರ್ಮಿಕರು ಚಂದಾ ಎತ್ತಿ ಕೂಡಿಟ್ಟ ದುಡ್ಡು ಅದು. 1906ರಲ್ಲಿ ಹೊಸ ಕಾಯ್ದೆ ತಂದು ಇದನ್ನು ಸರಿಪಡಿಸಬೇಕಾಯಿತು.

ಅಮೆರಿಕದ ಧಣಿಗಳು ಇನ್ನೂ ಜಾಣರು. 1914ರಲ್ಲಿ ಕೊಲರಾಡೊದ ಲಡ್ಲೊ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ಸಶಸ್ತ್ರ ಪಡೆ ದಾಳಿ ಮಾಡಿ, ಹೆಂಗಸರು ಮಕ್ಕಳೂ ಸತ್ತಿದ್ದರು. ದೇಶವೇ ಛೀಮಾರಿ ಹಾಕಿದಾಗ ಗಣಿಯ ದೊಡ್ಡ ಪಾಲುದಾರ ರಾಕ್‌ಫೆಲರ್ ಕುಟುಂಬ ಹೊಸದೊಂದು ಯೋಜನೆ ತಂದಿತು. ಕಾರ್ಮಿಕರು ಪ್ರತಿನಿಧಿಗಳನ್ನು ಆರಿಸಬಹುದು, ಅಹವಾಲು ಹೇಳಿಕೊಳ್ಳಬಹುದು. ಸಭೆಯ ಖರ್ಚು ಮಾತ್ರ ಕಂಪನಿಯದ್ದು. ಯೋಜನೆ ರೂಪಿಸಿದ ಮೆಕೆಂಜಿ ಕಿಂಗ್ ಮುಂದೆ ಕೆನಡಾದ ಪ್ರಧಾನಿಯಾದ. ಇಂಥ 'ಕಂಪನಿ ಯೂನಿಯನ್'ಗಳು ಬೇಗ ಹಬ್ಬಿದವು. ಎದುರಿಗೆ ಕೂತು ಮಾತಾಡಬೇಕಾದವನ ಜೇಬಿನಿಂದಲೇ ಖರ್ಚು ನಡೆದರೆ ದನಿ ಎಷ್ಟು ಏರೀತು? 1935ರ ವ್ಯಾಗ್ನರ್ ಕಾಯ್ದೆ, ಮಾಲೀಕರು ಸಂಘಕ್ಕೆ ಹಣ ಕೊಡುವುದನ್ನೂ ಅದನ್ನು ಹಿಡಿತದಲ್ಲಿಟ್ಟುಕೊಳ್ಳುವುದನ್ನೂ ನಿಷೇಧಿಸಿತು. ಆದರೆ ಹೊಲಗೆಲಸದವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು.

ಮಾಲೀಕನ ಜಾಗದಲ್ಲಿ ಸರ್ಕಾರವೇ ಬಂದು ಕೂತದ್ದೂ ಉಂಟು. ಜರ್ಮನಿಯಲ್ಲಿ 1933ರ ಮೇ 2ರಂದು, ಕಾರ್ಮಿಕ ದಿನವನ್ನು ಸಡಗರದಿಂದ ಆಚರಿಸಿದ ಮರುದಿನವೇ, ನಾಜಿಗಳು ಸಂಘಗಳ ಕಚೇರಿಗಳಿಗೆ ನುಗ್ಗಿ ಎಲ್ಲವನ್ನೂ ವಶಪಡಿಸಿಕೊಂಡರು. ಮಹಾಯುದ್ಧದ ನಂತರ, 1948ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 87ನೇ ಒಡಂಬಡಿಕೆಯಲ್ಲಿ, ಯಾರ ಪೂರ್ವಾನುಮತಿಯೂ ಇಲ್ಲದೆ ತಮಗೆ ಬೇಕಾದ ಸಂಘ ಕಟ್ಟುವ, ಸೇರುವ ಹಕ್ಕು ಕಾರ್ಮಿಕರಿಗಿದೆ ಎಂದು ಬರೆಯಿತು. ಮರುವರ್ಷದ 98ನೇ ಒಡಂಬಡಿಕೆ, ಧಣಿಗಳೇ ಸಂಘ ಸಾಕುವುದನ್ನು ತಡೆಯಬೇಕೆಂದಿತು. ಅಮೆರಿಕ, ಚೀನಾ, ಭಾರತ ಮೂರೂ 87ಕ್ಕೆ ಅನುಮೋದನೆ ಕೊಟ್ಟಿಲ್ಲ.

ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲಿದ್ದ ಪೋಲೆಂಡ್ 1957ರಲ್ಲೇ ಕೊಟ್ಟಿತ್ತು, ಪ್ರಾಯಶಃ ಯಾರೂ ಓದುವುದಿಲ್ಲವೆಂಬ ಧೈರ್ಯದಿಂದ. 1980ರ ಆಗಸ್ಟ್‌ನಲ್ಲಿ ಗ್ಡಾನ್ಸ್ಕ್‌ನ ಲೆನಿನ್ ಹಡಗು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಆನ್ನಾ ವಾಲೆಂಟಿನೋವಿಚ್ ಅವರನ್ನು, ನಿವೃತ್ತಿಗೆ ಐದೇ ತಿಂಗಳಿರುವಾಗ, ಕೆಲಸದಿಂದ ತೆಗೆದರು. 14ರಂದು ಮುಷ್ಕರ ಶುರುವಾಯಿತು. ಕೆಲವೇ ದಿನಗಳಲ್ಲಿ ಕಾರ್ಖಾನೆಯ ಗೇಟಿಗೆ ಎರಡು ಮರದ ಹಲಗೆ ನೇತುಬಿದ್ದವು, ಅವುಗಳ ಮೇಲೆ ಕೈಯಲ್ಲಿ ಬರೆದ 21 ಬೇಡಿಕೆ. ಸಂಬಳವಲ್ಲ, ಮಾಂಸದ ಅಭಾವವಲ್ಲ, ಮೊದಲನೆಯದು ಪಕ್ಷದಿಂದಲೂ ಆಡಳಿತದಿಂದಲೂ ಸ್ವತಂತ್ರವಾದ ಯೂನಿಯನ್. ನೀವೇ ಒಪ್ಪಿರುವ 87ನೇ ಒಡಂಬಡಿಕೆಯ ಪ್ರಕಾರ ಕೇಳುತ್ತಿದ್ದೇವೆ ಎಂದೂ ಅಲ್ಲೇ ಬರೆದಿತ್ತು. ಕಾರ್ಮಿಕರದ್ದೇ ರಾಜ್ಯ ಎಂದು ಹೇಳಿಕೊಳ್ಳುತ್ತಿದ್ದ ಸರ್ಕಾರಕ್ಕೆ ಕಾರ್ಮಿಕರೇ ಕಾನೂನು ಓದಿಸಿದ್ದರು.

31ರಂದು ಒಪ್ಪಂದಕ್ಕೆ ಸಹಿ ಬಿತ್ತು. ಹೀಗೆ ಹುಟ್ಟಿದ ಸ್ವತಂತ್ರ ಯೂನಿಯನ್ 'ಸಾಲಿಡಾರಿಟಿ'ಯ ಸದಸ್ಯರು ಒಂದು ಕೋಟಿಯ ಹತ್ತಿರ ಬೆಳೆದರು. 1981ರ ಡಿಸೆಂಬರ್ 13ರಂದು ಸೈನಿಕ ಕಾನೂನು ಬಂತು, ಮರುವರ್ಷ ಸಂಘವೇ ನಿಷೇಧವಾಯಿತು. ಮತ್ತೆ ಕಾನೂನುಬದ್ಧವಾಗಿ ನೋಂದಣಿಯಾದದ್ದು 1989ರ ಏಪ್ರಿಲ್‌ನಲ್ಲಿ. ಎರಡು ತಿಂಗಳ ನಂತರ ನಡೆದ ಚುನಾವಣೆಯಲ್ಲಿ ಆಳುವ ಪಕ್ಷ ಮಣ್ಣುಮುಕ್ಕಿತು.