ಅರಮನೆಯಿಲ್ಲದ ಹಳ್ಳಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಹೇಗೆ?

ಓದುಗರ ಪ್ರಶ್ನೆ: ಹಂಪಿ, ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಯಲ್ಲಿರುವುದು ಅರ್ಥವಾಗುತ್ತದೆ. ಅದೇ ಪಟ್ಟಿಯಲ್ಲಿ ಜೆಕ್ ದೇಶದ ಹೊಲಶೊವಿತ್ಸೆ ಎಂಬ ಹಳ್ಳಿಯೂ ಇದೆ. ನೂರೈವತ್ತು ಜನವೂ ಇಲ್ಲದ, ಬರೀ ರೈತರ ಮನೆಗಳಿರುವ ಊರಿಗೆ ಆ ಮಾನ ಯಾಕೆ?

ಉತ್ತರ: 1998ರಲ್ಲಿ ಯುನೆಸ್ಕೊ ಈ ಊರನ್ನು ಪಟ್ಟಿಗೆ ಸೇರಿಸಿದ್ದು ಆ ರೈತರ ಮನೆಗಳಿಗಾಗಿಯೇ. ಮಧ್ಯಯುಗದಲ್ಲಿ ಊರನ್ನು ಹೇಗೆ ಅಳೆದು ಹಂಚಿದ್ದರೋ ಹಾಗೆಯೇ ಇದೆ. ಅದರ ಮೇಲೆ 18 ಮತ್ತು 19ನೇ ಶತಮಾನಗಳಲ್ಲಿ ಎದ್ದ ಮನೆಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿವೆ. ಮಧ್ಯ ಯುರೋಪಿನಲ್ಲಿ ಊರಿಗೆ ಊರೇ ಹೀಗೆ ಉಳಿದಿರುವುದು ಅಪರೂಪ. ಆದರೆ ಉಳಿದದ್ದರ ಹಿಂದೆ ಸಂಕಟದ ಕಥೆಯಿದೆ. ಅದನ್ನು ಬಿಟ್ಟು ಚೆಂದವನ್ನಷ್ಟೇ ಹೇಳಿದರೆ ಉತ್ತರ ಅರ್ಧವೇ ಆದೀತು.

ಊರು ಇರುವುದು ಜೆಕ್ ದೇಶದ ದಕ್ಷಿಣ ಬೊಹೀಮಿಯಾ ಪ್ರಾಂತ್ಯದಲ್ಲಿ, ಚೆಸ್ಕೆ ಬುಡೆಯೊವಿತ್ಸೆ ನಗರದಿಂದ ಪಶ್ಚಿಮಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ. ಸುತ್ತ ಸಪಾಟಾದ ಬಯಲು, ಹೊಲ, ಮೀನು ಸಾಕುವ ಕೆರೆಗಳು. ದಕ್ಷಿಣಕ್ಕೆ ಬ್ಲಾನ್ಸ್ಕಿ ಲೆಸ್ ಎಂಬ ಕಾಡುಗುಡ್ಡಗಳ ಸಾಲು. ಅದರ ಎತ್ತರದ ಶಿಖರ ಕ್ಲೆಟ್, 1,084 ಮೀಟರ್. ಗುಡ್ಡ ದಾಟಿದರೆ ಚೆಸ್ಕಿ ಕ್ರುಮ್ಲೊವ್. ಪ್ರವಾಸಿಗರು ಮುಗಿಬೀಳುವುದು ಕೋಟೆಯಿರುವ ಆ ಪಟ್ಟಣಕ್ಕೆ.

ಊರ ನಡುವೆ ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲದ ಹುಲ್ಲಿನ ಬಯಲು. ಅದರಲ್ಲೊಂದು ಕೆರೆ, 1755ರ ಪುಟ್ಟ ಪ್ರಾರ್ಥನಾ ಮಂದಿರ. ಮಂದಿರ ನೆಪೊಮುಕ್‌ನ ಸಂತ ಯೋಹಾನನದು. 1393ರಲ್ಲಿ ಪ್ರಾಗ್‌ನಲ್ಲಿ ವಲ್ತಾವಾ ನದಿಗೆ ಎಸೆಯಲ್ಪಟ್ಟು ಸತ್ತ ಈ ಪಾದ್ರಿಯನ್ನು ಜನ ನೆರೆಯಿಂದ ಕಾಯುವವನೆಂದು ನಂಬುತ್ತಾರೆ. ಬಯಲಿನ ಸುತ್ತ 23 ರೈತರ ಮನೆಗಳು. ಪ್ರತಿಯೊಂದರ ಹಿಂದೆಯೂ ಉದ್ದನೆಯ ಪಟ್ಟಿಯಂಥ ಹಿತ್ತಲು.

ಒಂದು ಮನೆಯ ಮುಂದೆ ನಿಂತು ನೋಡೋಣ. ಕಣ್ಣಿಗೆ ಮೊದಲು ಬೀಳುವುದು ಮಾಡಿನ ಕೆಳಗಿನ ತ್ರಿಕೋನದ ಮುಂಗೋಡೆಗಳು, ಒಂದಲ್ಲ ಎರಡು. ಒಂದರ ಹಿಂದೆ ವಾಸದ ಮನೆ, ಇನ್ನೊಂದರ ಹಿಂದೆ ಕಣಜ. ಎರಡನ್ನೂ ಕೂಡಿಸುವ ಗೋಡೆಯಲ್ಲಿ ಗಾಡಿ ನುಗ್ಗುವಷ್ಟು ದೊಡ್ಡ ಕಮಾನಿನ ಹೆಬ್ಬಾಗಿಲು. ಒಳಗೆ ಅಂಗಳ, ಅದರ ಕೊನೆಗೆ ಅಡ್ಡಲಾಗಿ ಧಾನ್ಯ, ಹುಲ್ಲು ತುಂಬುವ ಕೊಟ್ಟಿಗೆ. ಮುಂಗೋಡೆಯ ಅಂಚು ನೇರವಾಗಿರದೆ ಅಲೆಯಲೆಯಾಗಿ ಬಾಗಿದೆ. ಮೇಲೆ ಗಾರೆಯಲ್ಲಿ ಮೂಡಿಸಿದ ಬಳ್ಳಿ, ಸುರುಳಿ, ಕಟ್ಟಿದ ಇಸವಿ. ಯುರೋಪಿನ ಅರಮನೆ, ಚರ್ಚುಗಳಲ್ಲಿ ಕಾಣುವ ಬಾಗು-ಬಳುಕಿನ, ಅಲಂಕಾರ ತುಂಬಿದ ಬರೋಕ್ ಎಂಬ ಶ್ರೀಮಂತರ ಶೈಲಿಯನ್ನು ಹಳ್ಳಿಯ ಮೇಸ್ತ್ರಿಗಳು ತಮ್ಮ ಕೈಗೆ ಒಗ್ಗಿಸಿಕೊಂಡ ಬಗೆ ಇದು. ಇದನ್ನು ‘ಜಾನಪದ ಬರೋಕ್’ ಎನ್ನುತ್ತಾರೆ.

ಇನ್ನು ಚರಿತ್ರೆ. ಊರಿನ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದು 1263ರಲ್ಲಿ. 1292ರಲ್ಲಿ ಎರಡನೇ ವಾಟ್ಸ್‌ಲಾವ್ ದೊರೆ ಇದನ್ನು ವಿಶ್ಶಿ ಬ್ರೋಡ್ ಎಂಬ ಊರಿನ ಸಿಸ್ಟರ್ಷಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಉಂಬಳಿ ಕೊಟ್ಟ. 1848ರವರೆಗೂ ಊರು ಮಠದ ಕೈಯಲ್ಲೇ ಇತ್ತು. 1520ರಿಂದ 1525ರ ನಡುವೆ ಬಂದ ಪ್ಲೇಗಿಗೆ ಊರು ಬರಿದಾಯಿತು. ಬದುಕಿ ಉಳಿದವರು ಇಬ್ಬರೇ. ಹಳೆಯ ಕಮ್ಮಾರಸಾಲೆಯ ಹತ್ತಿರ ಅದರ ನೆನಪಿಗೆ ನಿಲ್ಲಿಸಿದ ಕಂಬವಿದೆ. ಮಠ ಬವೇರಿಯಾ, ಆಸ್ಟ್ರಿಯಾಗಳಿಂದ ಜನರನ್ನು ಕರೆತಂದು ಹಳೆಯ ನಿವೇಶನಗಳಲ್ಲೇ ನೆಲೆಗೊಳಿಸಿತು. ಹೀಗೆ ಜೆಕ್ ನಾಡಿನ ಹಳ್ಳಿ ಜರ್ಮನ್ ಮಾತಾಡುವ ಹಳ್ಳಿಯಾಯಿತು. 1895ರಲ್ಲಿ ಅಲ್ಲಿ 157 ಜರ್ಮನರು, 19 ಜೆಕ್ಕರು ಇದ್ದರು.

1848ರಲ್ಲಿ ಬಿಟ್ಟಿ ದುಡಿಮೆ ರದ್ದಾಗಿ ಉತ್ತ ನೆಲ ರೈತನದೇ ಆಯಿತು. ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿದ ಮೇಲೆ ಮನೆಯ ಮುಖವನ್ನು ಅಂದಗೊಳಿಸುವ ಹುಮ್ಮಸ್ಸೂ ಬಂತು. ಇಂದು ನಾವು ಮೆಚ್ಚಿ ನೋಡುವ ಎಷ್ಟೋ ಮುಂಗೋಡೆಗಳು ಆ ನಂತರದ ದಶಕಗಳವು. ತನ್ನ ಬೆವರಿನ ಫಲ ತನಗೇ ಸಿಕ್ಕ ಕಾಲದ ಗುರುತುಗಳವು ಎಂದೇ ನನಗೆ ಅವು ಹೆಚ್ಚು ಪ್ರಿಯ.

ಎರಡನೇ ಮಹಾಯುದ್ಧ ಮುಗಿದಾಗ ಜೆಕೊಸ್ಲೊವಾಕಿಯಾ ತನ್ನ ಸುಮಾರು 30 ಲಕ್ಷ ಜರ್ಮನ್ ನಿವಾಸಿಗಳನ್ನು ಹೊರಹಾಕಿತು. ನಾಜಿಗಳ ಆಕ್ರಮಣ ಅನುಭವಿಸಿದ ನಾಡಿನ ಸಿಟ್ಟು ಅದು. ಆದರೆ ತಪ್ಪಿತಸ್ಥ ಯಾರು, ಅಲ್ಲದವ ಯಾರು ಎಂದು ಮನೆಮನೆಗೂ ವಿಚಾರಿಸಲಿಲ್ಲ. ಹೊಲಶೊವಿತ್ಸೆಯ ಜರ್ಮನ್ ಕುಟುಂಬಗಳೂ ತಲೆಮಾರುಗಳ ಮನೆ ಬಿಟ್ಟು ಹೊರಟವು. ಹೆಬ್ಬಾಗಿಲುಗಳು ಮುಚ್ಚಿದವು, ಮಾಡುಗಳು ಕುಸಿಯತೊಡಗಿದವು. ಕಮ್ಯುನಿಸ್ಟ್ ಆಡಳಿತದ ದಶಕಗಳಲ್ಲೂ ಎಷ್ಟೋ ಮನೆಗಳು ಪಾಳುಬಿದ್ದೇ ಇದ್ದವು. ಓದುಗರ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ: ಹಳೆಯದನ್ನು ಕೆಡವಿ ಹೊಸದು ಕಟ್ಟಲು ಜನವಿರಲಿಲ್ಲ, ದುಡ್ಡೂ ಇರಲಿಲ್ಲ. ಹಾಗಾಗಿ ಹಳೆಯದು ಉಳಿಯಿತು.

1990ರಿಂದ ದುರಸ್ತಿ ನಡೆದು ಜನ ಮತ್ತೆ ಬಂದು ನೆಲೆಸಿದರು. ಈಗಿನ ಜನಸಂಖ್ಯೆ 140ರ ಆಸುಪಾಸು. ಹೋಗಬೇಕೆನ್ನುವವರಿಗೆ ಒಂದು ಮಾತು: ಊರ ಬಯಲಿನಲ್ಲಿ ಎಷ್ಟು ಹೊತ್ತು ಬೇಕಾದರೂ ಅಡ್ಡಾಡಬಹುದು, ಆದರೆ ಮನೆಗಳಲ್ಲಿ ಜನ ಸಂಸಾರ ಮಾಡುತ್ತಿದ್ದಾರೆ. ತೆರೆದ ಹೆಬ್ಬಾಗಿಲು ಕಂಡಿತೆಂದು ಒಳಗೆ ನುಗ್ಗಬೇಡಿ. ಅಂಗಳ, ಕೊಟ್ಟಿಗೆಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಊರಿನಲ್ಲೇ ಚಿಕ್ಕ ವಸ್ತುಸಂಗ್ರಹಾಲಯವಿದೆ.