ಲೆಗ್ ಗಾರ್ಡ್ ಪೈಪು ದಪ್ಪಗಿದ್ದರೆ ಎಂಜಿನ್ ಉಳಿಯುತ್ತಾ?

ಓದುಗರ ಪ್ರಶ್ನೆ: ನಾವಿರುವುದು ತುಮಕೂರಿನಲ್ಲಿ. 350 ಸಿಸಿ ಬೈಕ್. ರಜೆ ಸಿಕ್ಕಿದರೆ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಕಡೆ ಹೋಗುತ್ತೇವೆ. ವರ್ಷಕ್ಕೆ ಒಂದೆರಡು ಸಲ ಲಗೇಜ್ ಕಟ್ಟಿಕೊಂಡು ದೂರದ ಪ್ರಯಾಣವೂ ಉಂಟು. ಬೈಕ್ ಬಿದ್ದರೆ ಎಂಜಿನ್‌ಗೆ ಏಟಾಗದ ಹಾಗೆ ಏನು ಹಾಕಿಸಬೇಕು? ಲೆಗ್ ಗಾರ್ಡನ್ನು (ಎಂಜಿನ್‌ನ ಎರಡೂ ಬದಿಗೆ ಚಾಚುವ ಪೈಪಿನ ಚೌಕಟ್ಟು) ವೆಲ್ಡಿಂಗ್ ಅಂಗಡಿಯವರು "ಕಂಪನಿದಕ್ಕಿಂತ ದಪ್ಪ ಪೈಪಲ್ಲಿ ಮಾಡ್ಕೊಡ್ತೀವಿ" ಅನ್ನುತ್ತಾರೆ. ಅದು ಸಾಕಾ? ಮನೆಯಲ್ಲೇ ಕೂರಿಸಿಕೊಳ್ಳಬಹುದಾ?

ಉತ್ತರ: ಮನೆಯಲ್ಲಿ ಕೂರಿಸಿಕೊಳ್ಳಬಹುದು. ಆದರೆ ಪೈಪಿನ ದಪ್ಪ ನೋಡಿ ಗಾರ್ಡ್ ಆರಿಸಬೇಡಿ. ಅದರ ಬೋಲ್ಟು ಎಲ್ಲೆಲ್ಲಿ ಕೂರುತ್ತದೆ ಎಂಬುದನ್ನು ಮೊದಲು ನೋಡಿ.

ಈ ವರ್ಗದ ಬೈಕುಗಳು 180ರಿಂದ 195 ಕೆ.ಜಿ. ತೂಗುತ್ತವೆ. ಪಕ್ಕಕ್ಕೆ ಬಿದ್ದಾಗ ಆ ಏಟು ನೆಲದಿಂದ ಪೈಪಿಗೆ, ಪೈಪಿನಿಂದ ಅದಕ್ಕೆ ಬೆಸೆದ ಬೋಲ್ಟಿನ ಪಟ್ಟಿಗೆ, ಪಟ್ಟಿಯಿಂದ ಬೋಲ್ಟಿಗೆ, ಬೋಲ್ಟಿನಿಂದ ಅದು ಹಿಡಿದುಕೊಂಡಿರುವ ಜಾಗಕ್ಕೆ ಸಾಗುತ್ತದೆ. ನಡುವೆ ಪೈಪು ಬಾಗಿದರೆ ಏಟಿನ ಬಹುಪಾಲು ಅಲ್ಲೇ ಕರಗುತ್ತದೆ. ಪೈಪು ಬಾಗಲೇ ಇಲ್ಲ ಎಂದರೆ ಏಟು ಮುಂದಕ್ಕೆ ಹೋಗಿ ಫ್ರೇಮಿನ ಕಿವಿಯನ್ನು (ಬೋಲ್ಟು ಕೂರುವ ಚಾಚು) ತಿರುಚುತ್ತದೆ, ಇಲ್ಲವೇ ಎಂಜಿನ್ ಕೇಸನ್ನು ಸೀಳುತ್ತದೆ. ಕೇಸು ಅಲ್ಯೂಮಿನಿಯಂ ಎರಕ. ಅದು ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಬಾಗಿದ ಗಾರ್ಡನ್ನು ಬಿಚ್ಚಿ ಹೊಸದು ಹಾಕಬಹುದು. ಕೇಸು ಬದಲಿಸಬೇಕೆಂದರೆ ಎಂಜಿನ್ ಪೂರ್ತಿ ಇಳಿಸಿ ಬಿಚ್ಚಬೇಕು. ಹಾಗಾಗಿ ಒಳ್ಳೆಯ ಗಾರ್ಡ್ ಎಂದರೆ ಫ್ರೇಮಿಗಿಂತ ಮೊದಲು ತಾನು ಬಾಗುವಂಥದ್ದು.

ಪೈಪು 25 ಅಥವಾ 28 ಮಿ.ಮೀ. ಹೊರ ಅಳತೆ, 1.6ರಿಂದ 2 ಮಿ.ಮೀ. ಗೋಡೆ ಇದ್ದರೆ ಈ ತೂಕಕ್ಕೆ ಸಾಕು. ಅಂಗಡಿಯ ಲೆಕ್ಕದಲ್ಲಿ 16 ಗೇಜ್, 14 ಗೇಜ್. ಸಾದಾ ಕಬ್ಬಿಣದ್ದು ಹದವಾಗಿ ಬಾಗುತ್ತದೆ, ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ 304ರದ್ದು ಮಳೆಗೆ ಜಗ್ಗದು. ಆದರೆ ಅದೇ ದಪ್ಪದಲ್ಲಿ ತುಸು ಬಿಗಿ, ಬೆಲೆಯೂ ಜಾಸ್ತಿ. ಎರಡರಲ್ಲಿ ಯಾವುದಾದರೂ ಸರಿ.

ಗಮನವೆಲ್ಲ ಹಿಡಿತದ ಮೇಲಿರಲಿ. ಪ್ರತಿ ಬದಿಗೂ ಮೇಲೊಂದು, ಕೆಳಗೊಂದು ಹಿಡಿತ ಬೇಕು. ಎಡ ಬಲ ಎರಡನ್ನೂ ಜೋಡಿಸುವ ಅಡ್ಡ ಪೈಪೂ ಬೇಕು. ಒಂದೇ ಹಿಡಿತದ ಗಾರ್ಡ್ ಬಿದ್ದ ತಕ್ಷಣ ಹಿಂದಕ್ಕೆ ತಿರುಗಿ ಬ್ರೇಕ್ ಪೆಡಲನ್ನೋ ಕ್ಲಚ್ ಕವರನ್ನೋ ಗುದ್ದುತ್ತದೆ. ಎಂಜಿನ್ ಕಾಯಬೇಕಾದದ್ದೇ ಎಂಜಿನ್ ಒಡೆಯುವುದು ಹೀಗೆ. ಯು-ಕ್ಲ್ಯಾಂಪ್ ಹಾಕಿ ಮುಂದಿನ ಫ್ರೇಮ್ ಪೈಪಿಗೆ ರಬ್ಬರ್ ಸುತ್ತಿ ಬಿಗಿಯುವ ಗಾರ್ಡುಗಳದ್ದೂ ಇದೇ ಪಾಡು. ರಬ್ಬರ್ ಒಣಗಿದ ಮೇಲೆ ಜಾರುತ್ತವೆ. ಸೈಲೆನ್ಸರ್ ಬೆಂಡ್ ಪೈಪಿನ ಸ್ಟಡ್‌ಗೆ ಕಟ್ಟುವ ಗಾರ್ಡನ್ನಂತೂ ಮುಟ್ಟಲೇಬೇಡಿ.

ಅಗಲ ಎಷ್ಟಿರಬೇಕು? ಗಾರೆ ಕೆಲಸದವರ ಬಳಿ ಇರುವಂಥ ನೆಟ್ಟಗಿನ ಅಲ್ಯೂಮಿನಿಯಂ ಪಟ್ಟಿಯೊಂದನ್ನು ತಂದು, ಒಂದು ತುದಿಯನ್ನು ಗಾರ್ಡಿನ ಹೊರಮೈಗೂ ಇನ್ನೊಂದನ್ನು ಹಿಂದಿನ ಸವಾರರ ಫುಟ್‌ರೆಸ್ಟ್ ತುದಿಗೂ ತಾಗಿಸಿ ಹಿಡಿಯಿರಿ. ಪಟ್ಟಿಗೂ ಕ್ಲಚ್ ಕವರಿಗೂ ನಡುವೆ 20 ಮಿ.ಮೀ. ಆದರೂ ಸಂದು ಉಳಿಯಬೇಕು. ಇನ್ನೊಂದು ಬದಿಯಲ್ಲಿ ಮ್ಯಾಗ್ನೆಟ್ ಕವರಿಗೂ ಹಾಗೇ ನೋಡಿ. ಇದಕ್ಕಿಂತ ಹೆಚ್ಚು ಚಾಚಿಕೊಂಡ ಗಾರ್ಡ್ ನೋಡಲು ಗಂಭೀರ. ಬಿದ್ದಾಗ ಮಾತ್ರ ಹಾರೆ ಹಾಕಿ ಮೀಟಿದ ಹಾಗೆ ಬೋಲ್ಟಿನ ಜಾಗವನ್ನು ಕೀಳುತ್ತದೆ. ಗಾರ್ಡಿನ ಕೆಳಭಾಗ ಫುಟ್‌ರೆಸ್ಟಿನ ಮಟ್ಟಕ್ಕಿಂತ ಕೆಳಗಿಳಿಯಬಾರದು. ದೇವರಾಯನದುರ್ಗದ ತಿರುವಿನಲ್ಲಿ ಬೈಕ್ ವಾಲಿದಾಗ ಮೊದಲು ನೆಲ ತಾಗಬೇಕಾದದ್ದು ಮಡಚಿಕೊಳ್ಳುವ ಫುಟ್‌ರೆಸ್ಟ್. ಗಟ್ಟಿ ಪೈಪು ಮೊದಲು ತಾಗಿದರೆ ಚಕ್ರವನ್ನೇ ಎತ್ತಿ ಜಾರಿಸಿಬಿಡುತ್ತದೆ.

ವೆಲ್ಡಿಂಗ್ ಅಂಗಡಿಯ ಮಾತಿಗೆ ಬರೋಣ. ತುಮಕೂರಿನಲ್ಲಿ ಒಳ್ಳೆಯ ಕೈಗಳಿವೆ, ಅದರಲ್ಲಿ ಅನುಮಾನ ಬೇಡ. ಆದರೆ ಕಂಪನಿಯ ಗಾರ್ಡನ್ನು ಅಳತೆ ಕದಲದಂತೆ ಹಿಡಿಯುವ ಜಿಗ್‌ನಲ್ಲಿ ಕೂರಿಸಿ ಬೆಸೆದಿರುತ್ತಾರೆ. ಹಾಗಾಗಿ ತೂತುಗಳು ಮಿಲಿಮೀಟರ್ ಲೆಕ್ಕದಲ್ಲಿ ಸರಿ ಬರುತ್ತವೆ. ಕೈಯಲ್ಲಿ ಮಾಡಿದ್ದು ಬೆಸೆದ ಮೇಲೆ ಕಾವಿಗೆ ಎಳೆದುಕೊಂಡು 4–5 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಆಗ "ಬೋಲ್ಟ್ ಹಾಕಿ ಎಳೆದ್ರೆ ಕೂರುತ್ತೆ ಬಿಡಿ" ಎಂಬ ಸಲಹೆ ಬರುತ್ತದೆ. ಅದನ್ನು ಒಪ್ಪಬೇಡಿ. ಹಾಗೆ ಎಳೆದು ಕೂರಿಸಿದ ಗಾರ್ಡ್ ದಿನವಿಡೀ ಎಂಜಿನ್ ಕಿವಿಯನ್ನು ಪಕ್ಕಕ್ಕೆ ಜಗ್ಗುತ್ತಿರುತ್ತದೆ. ಅದರ ಮೇಲೆ ಸಿಂಗಲ್ ಸಿಲಿಂಡರಿನ ನಡುಕ ಸೇರಿದರೆ, ಬೈಕ್ ಒಮ್ಮೆಯೂ ಬೀಳದಿದ್ದರೂ ಕಿವಿ ಬಿರುಕು ಬಿಡಬಹುದು. ನಿಮ್ಮ ಮಾಡೆಲ್‌ಗೆ ಸಿದ್ಧ ಗಾರ್ಡ್ ಸಿಗುವುದಿಲ್ಲ ಎಂದಾಗ ಮಾತ್ರ ಮಾಡಿಸಿ. ಮಾಡಿಸುವುದಾದರೆ 5 ಅಥವಾ 6 ಮಿ.ಮೀ. ಪಟ್ಟಿ ಹಾಕಿಸಿ. ಪೈಪನ್ನು ಬೆಂಡಿಂಗ್ ಮೆಷಿನ್‌ನಲ್ಲೇ ಬಗ್ಗಿಸಲಿ. ಕಾಯಿಸಿ ಬಡಿದು ಬಗ್ಗಿಸಿದರೆ ಮೂಲೆ ಚಪ್ಪಟೆಯಾಗಿ ಅಲ್ಲೇ ಮುರಿಯುತ್ತದೆ. ಪೈಪಿನ ತುದಿ ಮುಚ್ಚಿಸಿ, ತೀರಾ ಕೆಳಗಿನ ಜಾಗದಲ್ಲಿ 3 ಮಿ.ಮೀ. ತೂತು ಬಿಡಿಸಿ. ಇಲ್ಲದಿದ್ದರೆ ಒಳಗೆ ನಿಂತ ನೀರಿಗೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಬೆಸುಗೆ ಬೈಕಿನ ಮೇಲೆ ಬೇಡ. ಅಳತೆಗೆ ಒಂದು ಚುಕ್ಕೆ ಹಾಕಲೇಬೇಕಾದರೆ ಬ್ಯಾಟರಿಯ ತಂತಿ ಎರಡನ್ನೂ ಬಿಚ್ಚಿರಿ, ಬ್ರೇಕಿನ ಎಬಿಎಸ್ ಮತ್ತು ಪೆಟ್ರೋಲ್ ಇಂಜೆಕ್ಷನ್ ಕಂಟ್ರೋಲರ್ ಸುಟ್ಟುಹೋಗದೆ ಉಳಿಯುತ್ತವೆ. ಫ್ರೇಮಿಗೆ ಏನನ್ನೂ ಬೆಸೆಯಕೂಡದು.

ಲೆಗ್ ಗಾರ್ಡ್ ಕಾಯುವುದು ಬದಿಗಳನ್ನು ಮಾತ್ರ. ಕೆಳಗಿನ ಕಥೆ ಬೇರೆ. ರಾಯಲ್ ಎನ್‌ಫೀಲ್ಡ್‌ನ ಹಳೆಯ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ) ಎಂಜಿನ್ನಿನ ಕ್ಲಾಸಿಕ್‌ನಲ್ಲಿ ಎಂಜಿನ್ನೇ ಫ್ರೇಮಿನ ಭಾಗ, ಅದರಡಿಯಲ್ಲಿ ಪೈಪಿಲ್ಲ. ಅಂಥ ಬೈಕಿನಲ್ಲಿ ಕಲ್ಲು ಹಾರಿದರೂ, ಬಣ್ಣ ಬಳಿಯದ ಹಳ್ಳಿಯ ರಸ್ತೆ ಉಬ್ಬಿಗೆ ತಟ್ಟಿದರೂ ನೇರ ಏಟು ಚೇಂಬರಿಗೇ (ಎಂಜಿನ್ನಿನ ತಳದ ಆಯಿಲ್ ಭಾಗಕ್ಕೆ). ಮಣ್ಣು ರಸ್ತೆ, ಜಲ್ಲಿ ಹರಡಿ ಟಾರು ಹಾಕದೆ ಬಿಟ್ಟ ರಸ್ತೆಗಳಲ್ಲಿ ಓಡಾಟವಿದ್ದರೆ ಎಂಜಿನ್ ತಳ ಕಾಯುವ ಬ್ಯಾಶ್ ಪ್ಲೇಟ್ ಹಾಕಿಸಿ. ಬರೀ ಹೆದ್ದಾರಿ ಓಡಾಟವಾದರೆ ಬೇಕಿಲ್ಲ. 4 ಮಿ.ಮೀ. ಅಲ್ಯೂಮಿನಿಯಂ ಅಥವಾ 2–3 ಮಿ.ಮೀ. ಕಬ್ಬಿಣ, ಎರಡೂ ನಡೆಯುತ್ತವೆ. ಅಲ್ಯೂಮಿನಿಯಂ ಹಗುರ, ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತದೆ. ಚೇಂಬರಿಗೂ ಪ್ಲೇಟಿಗೂ ನಡುವೆ 10ರಿಂದ 15 ಮಿ.ಮೀ. ಬಿಡುವು ಇರಲೇಬೇಕು. ಬಿಡುವಿಲ್ಲದ ಪ್ಲೇಟು ಏಟನ್ನು ಇದ್ದ ಹಾಗೆ ಚೇಂಬರಿಗೆ ದಾಟಿಸುತ್ತದೆ. ಡ್ರೈನ್ ಬೋಲ್ಟಿನ ನೇರಕ್ಕೆ ತೂತು ಇದೆಯೇ, ಆಯಿಲ್ ಫಿಲ್ಟರ್ ಕವರಿಗೆ ಪಾನಾ ಹೋಗುತ್ತದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ಆಯಿಲ್ ಬದಲಾವಣೆಗೂ ಪ್ಲೇಟ್ ಬಿಚ್ಚುವ ಕೆಲಸ. ಪ್ಲೇಟು ಕೂತ ಮೇಲೆ ನೆಲದ ಬಿಡುವು 15–20 ಮಿ.ಮೀ. ಕಡಿಮೆಯಾಗುತ್ತದೆ. ಇಬ್ಬರು ಕೂತು ಲಗೇಜ್ ಹೇರಿದಾಗ ತಳ ಬಡಿಯುತ್ತಿದ್ದರೆ ಮೊದಲು ಹಿಂದಿನ ಶಾಕ್‌ನ ಸ್ಪ್ರಿಂಗ್ ಒಂದೆರಡು ಹಲ್ಲು ಬಿಗಿ ಮಾಡಿ.

ನಮ್ಮ ಸೀಮೆಯಲ್ಲಿ ಇದರ ಜೊತೆ ಇನ್ನೊಂದು ಅಪಾಯವಿದೆ, ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಸುಗ್ಗಿಯಲ್ಲಿ ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ರಸ್ತೆಯನ್ನೇ ಕಣ ಮಾಡಿ ಹುರುಳಿ, ರಾಗಿ ಹರಡಿರುತ್ತಾರೆ. ಹುರುಳಿ ಬಳ್ಳಿ ಹೆಣೆದುಕೊಂಡು ಪ್ಲೇಟಿಗೂ ಬೆಂಡ್ ಪೈಪಿಗೂ ನಡುವೆ ತುರುಕಿಕೊಳ್ಳುತ್ತದೆ. ಬೆಂಡ್ ಪೈಪಿನ ಕಾವಿಗೆ ಒಣ ಹೊಟ್ಟು ಹತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ಪ್ಲೇಟ್ ಇಲ್ಲದ ಬೈಕಿನಲ್ಲಿ ಉದುರಿ ಹೋಗುತ್ತಿದ್ದ ಹುಲ್ಲು ಪ್ಲೇಟ್ ಇದ್ದಾಗ ಅಲ್ಲೇ ಕೂರುತ್ತದೆ. ಕಣ ದಾಟಿದ ಮೇಲೆ ಬಯಲಲ್ಲಿ, ಹುಲ್ಲಿನಿಂದ ದೂರ ನಿಲ್ಲಿಸಿ, ಎಂಜಿನ್ ಆರಿಸಿ, ಕಡ್ಡಿಯಿಂದ ಕೆದಕಿ ತೆಗೆಯಿರಿ. ಕೈ ಹಾಕಬೇಡಿ, ಸುಡುತ್ತದೆ. ಪ್ಲೇಟಿನ ಗಡಗಡ ಸದ್ದು ತಡೆಯಲೆಂದು ಒಳಗೆ ಸ್ಪಂಜು ತುರುಕುವುದೂ ಇದೇ ಕಾರಣಕ್ಕೆ ತಪ್ಪು. ಆಯಿಲ್ ಹೀರಿದ ಸ್ಪಂಜು ಬತ್ತಿಯಾಗುತ್ತದೆ. ಸದ್ದಿಗೆ ಮದ್ದು ಬೋಲ್ಟಿನ ಬಳಿ ಹಾಕುವ ರಬ್ಬರ್ ಬುಷ್.

ಇನ್ನು ಕೂರಿಸುವುದು. ಎಂಜಿನ್ ತಣ್ಣಗಿರಲಿ, ಬೈಕ್ ಸೆಂಟರ್ ಸ್ಟ್ಯಾಂಡಿನ ಮೇಲಿರಲಿ. ಸಾಕೆಟ್ ಪಾನಾಗಳು, ಬಿಗಿತ ಅಳೆಯುವ ಟಾರ್ಕ್ ರೆಂಚ್, ಸಣ್ಣ ಜಾಕ್, ಒಂದು ಮರದ ತುಂಡು, ಬೋಲ್ಟು ಸಡಿಲವಾಗದಂತೆ ಥ್ರೆಡ್‌ಗೆ ಹಚ್ಚುವ ನೀಲಿ ಲಾಕ್‌ಟೈಟ್ 243, ಹೊಸ ನೈಲಾಕ್ ನಟ್ಟುಗಳು (ಒಳಗೆ ನೈಲಾನ್ ಬಳೆ ಇರುವಂಥವು) ಇಷ್ಟು ಬೇಕು. ಬಿಚ್ಚುವ ಮೊದಲು ಕ್ಲಚ್ ಕೇಬಲ್, ಹಾರ್ನ್ ವೈರ್ ಸಾಗುವ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬಹಳಷ್ಟು ಗಾರ್ಡುಗಳು ಎಂಜಿನ್ ಹಿಡಿದಿರುವ ಬೋಲ್ಟಿನ ಜಾಗದಲ್ಲೇ ಕೂರುತ್ತವೆ. ಆದ್ದರಿಂದ ಎಂಜಿನ್ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಡಿ. ಎತ್ತಲು ಅಲ್ಲ, ಭಾರ ಹೊರಲು ಮಾತ್ರ. ಸಡಿಲಿಸಿದ ಬೋಲ್ಟು ಬೆರಳಿನಲ್ಲೇ ಸರಾಗ ಹೊರಬಂದರೆ ಜಾಕ್ ಎತ್ತರ ಸರಿಯಿದೆ ಎಂದರ್ಥ. ಸುತ್ತಿಗೆ ಬೇಕಾಯಿತು ಎಂದರೆ ಜಾಕ್ ಹೆಚ್ಚೋ ಕಡಿಮೆಯೋ ಆಗಿದೆ. ಒಂದು ಸಲಕ್ಕೆ ಒಂದೇ ಬೋಲ್ಟು ತೆಗೆಯಿರಿ. ಉದ್ದನೆಯ ಬೋಲ್ಟಾದರೆ ಹೊಸದನ್ನು ಹಿಂದಿನಿಂದ ತಳ್ಳುತ್ತಾ ಹಳೆಯದನ್ನು ಹೊರಗೆ ಕಳಿಸಿ, ತೂತು ಖಾಲಿ ಬಿಡಬೇಡಿ.

ಹೆಚ್ಚಿನವರು ಎಡವುವುದು ಬೋಲ್ಟಿನ ಉದ್ದದಲ್ಲಿ. ಗಾರ್ಡಿನ ಪಟ್ಟಿ 5 ಮಿ.ಮೀ. ಇದ್ದರೆ ಬೋಲ್ಟು ಅಷ್ಟೇ ಉದ್ದ ಹೆಚ್ಚಬೇಕು. ಹಳೆಯದನ್ನೇ ಹಾಕಿದರೆ ಥ್ರೆಡ್ ಹಿಡಿತ ಕಡಿಮೆಯಾಗಿ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಒಳಗೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು, ಎಂದರೆ 8 ಮಿ.ಮೀ. ಬೋಲ್ಟಿಗೆ 12 ಮಿ.ಮೀ., ಥ್ರೆಡ್ ಕೂರಬೇಕು. ಮಿತಿಮೀರಿ ಉದ್ದವಾದರೂ ಕೆಟ್ಟದ್ದೇ. ಆಚೆ ಬದಿ ಮುಚ್ಚಿರುವ ತೂತಿನಲ್ಲಿ ಬೋಲ್ಟು ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಟೈಟ್ ಅನಿಸುತ್ತದೆ, ಪಟ್ಟಿ ಮಾತ್ರ ಸಡಿಲವಾಗೇ ಇರುತ್ತದೆ. ಇನ್ನೂ ತಿರುವಿದರೆ ಕೇಸು ಸೀಳುತ್ತದೆ. ತೂತಿನ ಆಳವನ್ನು ತಂತಿ ಇಟ್ಟು ಅಳೆದು, ಒಳಗೆ ಹೋಗುವ ಭಾಗ ಅದಕ್ಕಿಂತ 2–3 ಮಿ.ಮೀ. ಕಡಿಮೆ ಇರುವಂತೆ ಬೋಲ್ಟು ಆರಿಸಿ. ತಲೆಯ ಮೇಲೆ ಬಲದ ದರ್ಜೆ 8.8 ಅಥವಾ 10.9 ಎಂದು ಬರೆದಿರಬೇಕು. ಹಾರ್ಡ್‌ವೇರ್ ಅಂಗಡಿಯ ಮಿನುಗುವ ಎ2-70 ಸ್ಟೇನ್‌ಲೆಸ್ ಬೋಲ್ಟು ಚೆಂದ, ಆದರೆ ಹಿಗ್ಗದೆ ತಡೆಯುವ ಬಲದಲ್ಲಿ 8.8ಕ್ಕಿಂತ ಕಡಿಮೆ. ಎಂಜಿನ್ ಹಿಡಿಯುವ ಜಾಗಕ್ಕೆ ಅದು ಬೇಡ.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲಿ ತಿರುವುವಷ್ಟೇ ಬಿಗಿ ಮಾಡಿ ನಿಲ್ಲಿಸಿ. ಹ್ಯಾಂಡಲ್ ಎರಡೂ ಕೊನೆಗೆ ತಿರುಗಿಸಿ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಇಬ್ಬರು ಸೇರಿ ಮುಂದಿನ ಫೋರ್ಕನ್ನು ಪೂರ್ತಿ ಒತ್ತಿ. ಮಡ್‌ಗಾರ್ಡ್ ಅಡ್ಡ ಪೈಪಿಗೆ ತಾಗುತ್ತಿಲ್ಲ, ಬ್ರೇಕ್ ಪೆಡಲ್, ಗೇರ್ ಲಿವರ್ ಪೂರ್ತಿ ಆಡುತ್ತವೆ, ಆಯಿಲ್ ಕೂಲರಿನ ಗಾಳಿಗೆ ಅಡ್ಡವಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಪೂರ್ತಿ ಬಿಗಿ. ಬಿಗಿತಕ್ಕೆ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಂಕಿಯೇ ಪ್ರಮಾಣ. ಅದು ಸಿಗದಿದ್ದರೆ, ಕಬ್ಬಿಣದ ನಟ್ಟಿನಲ್ಲಿ ಕೂರುವ 8.8 ಬೋಲ್ಟಿಗೆ 8 ಮಿ.ಮೀ. ಆದರೆ 22–25, 10 ಮಿ.ಮೀ. ಆದರೆ 45–50 ನ್ಯೂಟನ್ ಮೀಟರ್ ಸಾಮಾನ್ಯ. ಅಲ್ಯೂಮಿನಿಯಂ ಕೇಸಿನೊಳಗೆ ತಿರುವುವ ಬೋಲ್ಟಿಗೆ ಈ ಅಂಕಿ ಹಾಕಬೇಡಿ. ನೈಲಾಕ್ ನಟ್ಟಿನಾಚೆ ಎರಡು ಸುತ್ತು ಥ್ರೆಡ್ ಕಾಣಲಿ. ಬೋಲ್ಟಿನ ತಲೆಯಿಂದ ಪಟ್ಟಿಗೆ ಬಣ್ಣದ ಗೆರೆ ಎಳೆಯಿರಿ, ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಪೌಡರ್ ಕೋಟ್ ಬೋಲ್ಟಿನ ತಲೆಯಡಿ ನುರಿದು ತೆಳುವಾಗುವುದರಿಂದ ಮೊದಲ 100 ಕಿ.ಮೀ. ಆದಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ, ಆಮೇಲೆ ಪ್ರತಿ ಸರ್ವಿಸ್‌ನಲ್ಲಿ.

ಕಾನೂನಿನ ಬಗ್ಗೆ ಒಂದು ಮಾತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಉಲ್ಲೇಖಿಸಿ, ವಾಹನಗಳ ಅನಧಿಕೃತ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಬೈಕ್ ಕಂಪನಿಯೇ ನಿಮ್ಮ ಮಾಡೆಲ್‌ಗೆಂದು ಮಾರುವ ಗಾರ್ಡನ್ನು ಶೋರೂಂನಲ್ಲಿ ಬಿಲ್ ಸಮೇತ ಕೊಂಡರೆ ವಾರಂಟಿ, ವಿಮೆ ಎರಡಕ್ಕೂ ಅನುಕೂಲ.

ಒಮ್ಮೆ ಬಿದ್ದು ಬಾಗಿದ ಗಾರ್ಡನ್ನು ಕಾಯಿಸಿ ನೆಟ್ಟಗೆ ಮಾಡಿಸಿ ಮತ್ತೆ ಹಾಕಬೇಡಿ. ಬಾಗಿದ ಜಾಗದ ಬಲ ಹೋಗಿರುತ್ತದೆ, ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಗಾರ್ಡ್ ನೆಟ್ಟಗೇ ಕಂಡರೂ ಬೋಲ್ಟುಗಳನ್ನು ಒಂದೊಂದಾಗಿ ತೆಗೆದು ಗಾಜಿನ ಮೇಲೆ ಉರುಳಿಸಿ ನೋಡಿ. ಓಲಾಡಿದ್ದನ್ನು ಎಸೆದು ಹೊಸದು ಹಾಕಿ. ಬೋಲ್ಟು ಕೂರುವ ಕಿವಿಯ ಸುತ್ತ ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ ಹತ್ತು ನಿಮಿಷ ಬಿಡಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆ ಕಂಡರೆ ಬೈಕ್ ಓಡಿಸದೆ ಮೆಕ್ಯಾನಿಕ್ ಬಳಿಗೆ ಸಾಗಿಸಿ.